ಕಾರ್ಡಿಫ್‌ನಲ್ಲಿ ಕೆಲಸ, ಟ್ಯಾಫ್ಸ್ ವೆಲ್‌ನಲ್ಲಿ ಮನೆ: ಗೊತ್ತಿರುವವರು ಸ್ವಲ್ಪ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ ವೇಲ್ಸ್‌ನ ಕಾರ್ಡಿಫ್‌ನಲ್ಲಿ, ಹೀತ್ ಕಡೆಯ ಆಸ್ಪತ್ರೆಯಲ್ಲಿ ಕೆಲಸ. ನನ್ನ ಆಫೀಸು ಸಿಟಿ ಮಧ್ಯದಲ್ಲಿ. ಮಗಳಿಗೆ ನಾಲ್ಕು ವರ್ಷ. ಬಾಡಿಗೆ ಕಟ್ಟಿ ಸಾಕಾಗಿದೆ, ಮನೆ ತಗೊಳ್ಳೋಣ ಅಂತಿದ್ದೇವೆ. ಆದರೆ ಕಾರ್ಡಿಫ್ ಒಳಗಿನ ರೇಟು ನಮ್ಮ ಕೈಗೆ ಸಿಗುತ್ತಿಲ್ಲ. ಏಜೆಂಟ್ ಒಬ್ಬರು ಟ್ಯಾಫ್ಸ್ ವೆಲ್ ನೋಡಿ ಅಂದರು. ಚಿಕ್ಕ ಹಳ್ಳಿ, ರೈಲು ಇದೆ, ಅಷ್ಟೇ ಗೊತ್ತು. ಅಲ್ಲಿ ಇದ್ದವರು, ಹತ್ತಿರ ಇದ್ದವರು ಯಾರಾದರೂ ಇದ್ದೀರಾ? ಊರು ಹೇಗೆ, ನದಿ ಉಕ್ಕುತ್ತದಾ, ಸ್ಕೂಲು ಹೇಗೆ? ಏನೇ ಆದರೂ ಹೇಳಿ.

ಉತ್ತರ (ಸ್ಟೇಷನ್ ಹತ್ತಿರ ಇರುವವರು)

ನಾವು ಇಲ್ಲೇ ಇರೋದು, ಮಗ ಹುಟ್ಟಿದ್ದೂ ಇಲ್ಲೇ. ಮೊದಲು ಜಾಗ ಅರ್ಥ ಮಾಡಿಕೊಳ್ಳಿ, ಮನೆ ಆಮೇಲೆ.

ಕಾರ್ಡಿಫ್‌ನಿಂದ ಉತ್ತರಕ್ಕೆ ಬಂದರೆ ಬಯಲು ಮುಗಿದು ಗುಡ್ಡ ಶುರುವಾಗುವ ಕಡೆ ಒಂದು ಇಕ್ಕಟ್ಟಾದ ಸಂದು ಇದೆ. ಟ್ಯಾಫ್ ನದಿ ಅದರಲ್ಲೇ ತೂರಿಕೊಂಡು ಕೆಳಗೆ ಇಳಿಯುತ್ತದೆ. ಮರ್ಥರ್‌ನ ಕಬ್ಬಿಣ, ರೋಂದದ ಕಲ್ಲಿದ್ದಲು ಕಾರ್ಡಿಫ್ ಬಂದರಿಗೆ ಹೋಗಬೇಕಾದರೆ ಇಲ್ಲೇ ಹಾಯಬೇಕಿತ್ತು. 1794ರಲ್ಲಿ ಮರ್ಥರ್‌ನಿಂದ ಕಾಲುವೆ ಬಂತು. 1840ರಲ್ಲಿ ಟ್ಯಾಫ್ ವೇಲ್ ರೈಲು ಬಂತು, ಅದರ ಎಂಜಿನಿಯರ್ ಬ್ರುನೆಲ್. 1901ರಲ್ಲಿ ಇನ್ನೊಂದು ಕಂಪನಿ, ಬ್ಯಾರಿ ರೈಲ್ವೆ, ಕಣಿವೆಯ ಮೇಲೇ ಅಡ್ಡವಾಗಿ ಎತ್ತರದ ಸೇತುವೆ ಕಟ್ಟಿತು. 1969ರಲ್ಲಿ ಅದನ್ನು ಕೆಡವಿದರು, ಇಟ್ಟಿಗೆ ಕಂಬ ಮಾತ್ರ ಈಗಲೂ ನಿಂತಿದೆ. ಮನೆ ನೋಡಲು ಬಂದಾಗ ಕಾಣುತ್ತದೆ, ಇದೇನಪ್ಪಾ ಈ ಕಂಬ ಅಂತ ಎಲ್ಲರೂ ಕೇಳುತ್ತಾರೆ. ಆಮೇಲೆ ಎ470 ರಸ್ತೆ ಬಂತು. ಹಳೇ ಕಾಲುವೆಯ ಸುಮಾರು ಭಾಗ ಆ ರಸ್ತೆಯ ಅಡಿಯಲ್ಲೇ ಹೋಗಿದೆ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ನದಿ, ರೈಲು, ಹೆದ್ದಾರಿ ಎಲ್ಲಾ ಒಂದೇ ಸಂದಿನಲ್ಲಿವೆ. ಊರು ಉಳಿದ ಜಾಗದಲ್ಲಿ ಉದ್ದಕ್ಕೆ ಬೆಳೆದಿದೆ. ಯಾವ ಮನೆ ತಗೊಂಡರೂ ಇವುಗಳಲ್ಲಿ ಒಂದರ ಪಕ್ಕ ಇರುತ್ತೀರಿ. ಯಾವುದರ ಪಕ್ಕ ಇರಬೇಕು ಅನ್ನೋದೇ ನಿಮ್ಮ ನಿಜವಾದ ಪ್ರಶ್ನೆ.

ನಿಮ್ಮ ಆಫೀಸಿಗೆ ಇದಕ್ಕಿಂತ ಒಳ್ಳೇ ಊರು ಸಿಗಲ್ಲ. ಟ್ರೆಹರ್ಬರ್ಟ್, ಅಬರ್‌ಡೇರ್, ಮರ್ಥರ್ ಮೂರು ಕಡೆಯ ರೈಲೂ ಇಲ್ಲಿ ನಿಲ್ಲುತ್ತವೆ. ಒಂದು ತಪ್ಪಿದರೆ ಮುಂದಿನದು ಬೇಗ ಬರುತ್ತದೆ. ಸಿಟಿಯಲ್ಲಿ ರಗ್ಬಿ ಮ್ಯಾಚ್ ಇರುವ ದಿನ ಮಾತ್ರ ಬೇಡ. ಮೇಲಿಂದಲೇ ತುಂಬಿಕೊಂಡು ಬರುತ್ತವೆ, ಕಾಲಿಡಲೂ ಜಾಗ ಇರಲ್ಲ.

ಯಜಮಾನರಿಗೆ ಮಾತ್ರ ಸ್ವಲ್ಪ ಕಷ್ಟ. ಹೀತ್‌ಗೆ ನೇರ ರೈಲಿಲ್ಲ, ಅದು ರಿಮ್ನಿ ಲೈನು. ಕ್ವೀನ್ ಸ್ಟ್ರೀಟ್‌ನಲ್ಲಿ ಇಳಿದು ಬೇರೆ ಹತ್ತಬೇಕು. ನೈಟ್ ಡ್ಯೂಟಿ ಇದ್ದರೆ ಕಾರು ಬೇಕೇ ಬೇಕು. ಬೆಳಿಗ್ಗೆ ಎ470 ಹಿಡಿದು ಎಂ4 ರೌಂಡಬೌಟ್ ದಾಟೋದು ಅಂದರೆ ತಾಳ್ಮೆಯ ಕೆಲಸ. ಸೈಕಲ್ ಹೊಡೆಯುವವರಾದರೆ ಟ್ಯಾಫ್ ಟ್ರೇಲ್ ಇದೆ, ನದಿ ಪಕ್ಕದಲ್ಲೇ ಕಾರ್ಡಿಫ್‌ವರೆಗೂ ಹೋಗಬಹುದು.

ಇನ್ನೊಂದು ವಿಷಯ. ಸೌತ್ ವೇಲ್ಸ್ ಮೆಟ್ರೋದ ಹೊಸ ಟ್ರಾಮ್-ಟ್ರೈನ್‌ಗಳ ಡಿಪೋ ಇಲ್ಲೇ ಕಟ್ಟಿದ್ದಾರೆ. ಅದರ ಹತ್ತಿರದ ಮನೆಯಾದರೆ ರಾತ್ರಿ ಒಮ್ಮೆ ಹೋಗಿ ನಿಂತು ಕೇಳಿ. ನಮಗೆ ಅಭ್ಯಾಸ ಆಗಿದೆ, ನಿಮಗೆ ಗೊತ್ತಿಲ್ಲ.

ಉತ್ತರ (ಟಾಂಗ್ವಿನ್‌ಲೈಸ್‌ನಿಂದ)

ಮೇಲಿನವರು ಒಂದು ಮಾತು ಬಿಟ್ಟರು. ಟ್ಯಾಫ್ಸ್ ವೆಲ್ ಕಾರ್ಡಿಫ್ ಕೌನ್ಸಿಲ್ ಅಲ್ಲ, ರೋಂದ ಕನನ್ ತಾವ್. ನದಿಯ ಆಚೆ ದಡದ ಗ್ವೈಲೋಡ್ ಅ ಗಾರ್ತ್ ಕಾರ್ಡಿಫ್‌ಗೆ ಸೇರಿದ್ದು, ನಮ್ಮ ಟಾಂಗ್ವಿನ್‌ಲೈಸ್ ಕೂಡ. ನಡೆದುಹೋಗುವಷ್ಟು ದೂರದಲ್ಲೇ ಕೌನ್ಸಿಲ್ ಟ್ಯಾಕ್ಸು, ಕಸದ ವಾರ, ಸ್ಕೂಲಿನ ಅರ್ಜಿ ಎಲ್ಲಾ ಬೇರೆ. ಪೋಸ್ಟ್‌ಕೋಡ್ ನೋಡಿ ಮೋಸ ಹೋಗಬೇಡಿ, ಎಲ್ಲರಿಗೂ ಸಿಎಫ್15 ಅಂತಲೇ ಇರುತ್ತದೆ.

ನಮ್ಮ ಕಡೆ ಸ್ಟೇಷನ್ ಇಲ್ಲ. ಆದರೆ ಕಾಸ್ಟೆಲ್ ಕೋಖ್ ಇದೆ. ಬೀಚ್ ಮರಗಳ ಕಾಡಿನ ಮಧ್ಯೆ ಚೂಪು ಗೋಪುರದ ಕೋಟೆ. ನೋಡಿದರೆ ತುಂಬ ಹಳೆಯದು ಅನ್ನಿಸುತ್ತದೆ, ಆದರೆ 13ನೇ ಶತಮಾನದ್ದು ಅಡಿಪಾಯ ಮಾತ್ರ. ಮೇಲಿನದೆಲ್ಲ 1870ರ ದಶಕದಿಂದ ಕಟ್ಟಿದ್ದು. ಮೂರನೇ ಮಾರ್ಕ್ವಿಸ್ ಆಫ್ ಬ್ಯೂಟ್ ಅನ್ನೋ ಶ್ರೀಮಂತ ಕಾಸು ಕೊಟ್ಟ, ವಿಲಿಯಂ ಬರ್ಜಸ್ ಅನ್ನೋ ವಾಸ್ತುಶಿಲ್ಪಿ ಕಲ್ಪನೆ ಕೊಟ್ಟ. ಆ ಕಾಸು ಎಲ್ಲಿಂದ ಬಂತು ಅಂದರೆ ಇದೇ ಸಂದಿನಲ್ಲಿ ಇಳಿದುಹೋದ ಕಲ್ಲಿದ್ದಲಿನಿಂದ, ಅದು ಸೇರುತ್ತಿದ್ದ ಕಾರ್ಡಿಫ್ ಡಾಕಿನಿಂದ. ಊರಿಂದ ಅಪ್ಪ ಅಮ್ಮ ಬಂದಾಗ ಮೊದಲು ತೋರಿಸಲು ಇದಕ್ಕಿಂತ ಜಾಗ ಬೇಡ. ಹತ್ತುವುದು ಸ್ವಲ್ಪ ಚಡಾವು, ಮಂಡಿ ನೋವಿದ್ದವರನ್ನು ಕಾರಲ್ಲೇ ಕರೆದುಕೊಂಡು ಹೋಗಿ.

ಉತ್ತರ (ಪಕ್ಕದ ಊರು ನಂಟ್‌ಗಾರುವಿನಲ್ಲಿ ಮನೆ ತಗೊಂಡವರು)

ನೀರಿನ ವಿಷಯ ನಾನು ಹೇಳುತ್ತೇನೆ. 2020ರ ಫೆಬ್ರವರಿಯಲ್ಲಿ ಡೆನಿಸ್ ಬಿರುಗಾಳಿ ಬಂದಾಗ ಟ್ಯಾಫ್ ಉಕ್ಕಿ ಪಾಂಟಿಪ್ರೀದ್‌ನಲ್ಲೂ ನಮ್ಮ ನಂಟ್‌ಗಾರು ಕಡೆಯೂ ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ಮನೆ ಇಷ್ಟ ಆದ ಕೂಡಲೇ ನ್ಯಾಚುರಲ್ ರಿಸೋರ್ಸಸ್ ವೇಲ್ಸ್‌ನವರ ಪ್ರವಾಹದ ನಕ್ಷೆಯಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಿ. ಆಮೇಲೆ ಆಫರ್ ಕೊಡುವ ಮುಂಚೆಯೇ ಇನ್ಶೂರೆನ್ಸ್ ಕೋಟ್ ತಗೊಳ್ಳಿ. ನಾವು ಮೊದಲು ನೋಡಿದ ಮನೆಗೆ ಏಜೆಂಟ್ "ಇಲ್ಲಿ ಯಾವತ್ತೂ ನೀರು ಬಂದಿಲ್ಲ" ಅಂದರು. ಪಕ್ಕದ ಮನೆಯ ಅಜ್ಜಿ ಗೋಡೆ ಮೇಲಿನ ಗುರುತು ತೋರಿಸಿದರು. ಅಲ್ಲಿಗೆ ಕಥೆ ಮುಗಿಯಿತು. ಮಾರಾಟಕ್ಕಿರುವ ಮನೆಯ ಅಕ್ಕಪಕ್ಕದವರನ್ನು ಮಾತಾಡಿಸಿ. ಈ ಕಡೆ ಜನ ಮಾತಿಗೆ ಕೂತರೆ ಬಿಡಲ್ಲ.

ಗಣಿ ಸರ್ಚ್, ಅಂದರೆ ಮನೆಯ ಕೆಳಗೆ ಹಳೇ ಗಣಿ ಇದೆಯಾ ಅಂತ ನೋಡಿಸೋದು, ಬೇಡ ಅಂತ ದುಡ್ಡು ಉಳಿಸಲು ಹೋಗಬೇಡಿ. ನಂಟ್‌ಗಾರುವಿನಲ್ಲಿ ಆಳವಾದ ಗಣಿ ಇತ್ತು, 1986ರಲ್ಲಿ ಮುಚ್ಚಿತು. ಬ್ಯಾಂಕಿನವರೂ ಕೇಳಿಯೇ ಕೇಳುತ್ತಾರೆ. ಇನ್ನು ತೆರಿಗೆ. ಇಂಗ್ಲೆಂಡಿನ ಸ್ಟಾಂಪ್ ಡ್ಯೂಟಿ ಲೆಕ್ಕ ಇಲ್ಲಿ ನಡೆಯಲ್ಲ. 2018ರಿಂದ ವೇಲ್ಸ್‌ಗೆ ಬೇರೆಯದೇ ಲ್ಯಾಂಡ್ ಟ್ರಾನ್ಸಾಕ್ಷನ್ ಟ್ಯಾಕ್ಸ್, ಸ್ಲ್ಯಾಬ್‌ಗಳೂ ಬೇರೆ.

ಗಣಿ ಅಂದ ತಕ್ಷಣ ಮಸಿ ಊರು ಅಂದುಕೊಳ್ಳಬೇಡಿ. ಇದೇ ನಂಟ್‌ಗಾರುವಿನಲ್ಲಿ 1813ರಲ್ಲಿ ವಿಲಿಯಂ ಬಿಲ್ಲಿಂಗ್ಸ್‌ಲಿ ಅನ್ನೋ ಕುಶಲಿ ಬಂದು ಪಿಂಗಾಣಿ ಮಾಡಿದ. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು. ಆದರೆ ಒಲೆಯಲ್ಲಿ ಬಹುಪಾಲು ಒಡೆದುಹೋಗುತ್ತಿತ್ತು. 1820ಕ್ಕೆ ಊರು ಬಿಟ್ಟ. ಅವನ ಕಾರ್ಖಾನೆಯ ಜಾಗದಲ್ಲಿ ಈಗ ಮ್ಯೂಸಿಯಂ ಇದೆ. ಪಕ್ಕದ ಟ್ರೆಫಾರೆಸ್ಟ್ ಇಂಡಸ್ಟ್ರಿಯಲ್ ಎಸ್ಟೇಟ್ ಕಥೆ ಇನ್ನೂ ಚೆನ್ನಾಗಿದೆ. 1930ರ ದಶಕದಲ್ಲಿ ಗಣಿ ಕೆಲಸ ಹೋಗಿ ಜನ ಸುಮ್ನೆ ಕೂತಿದ್ದಾಗ ಸರ್ಕಾರ ಅದನ್ನು ಕಟ್ಟಿತು. ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು ಅಲ್ಲಿ ಫ್ಯಾಕ್ಟರಿ ಹಾಕಿ ಊರವರಿಗೆ ಕೆಲಸ ಕೊಟ್ಟರು. ಹೊರಗಿನವರು ಈ ಕಣಿವೆಗೆ ಹೊಸಬರಲ್ಲ.

ಕೇಳಿದವರು

ತುಂಬಾ ಥ್ಯಾಂಕ್ಸ್, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಹೀತ್‌ಗೆ ನೇರ ರೈಲಿಲ್ಲ ಅನ್ನೋದು ಏಜೆಂಟ್ ಹೇಳಲೇ ಇಲ್ಲ! ಮಗಳ ಸ್ಕೂಲಿನ ಬಗ್ಗೆ ಯಾರಾದರೂ? ವೆಲ್ಷ್ ಮೀಡಿಯಂ ಅಂದರೆ ಭಯ. ನಮಗೆ ಬರಲ್ಲ, ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್.

ಉತ್ತರ (ಸ್ಟೇಷನ್ ಹತ್ತಿರ ಇರುವವರು)

ಊರಿನ ಫನ್ನನ್ ತಾವ್ ಪ್ರೈಮರಿ ಇಂಗ್ಲಿಷ್ ಮೀಡಿಯಂ. ಒಂದು ಮಜಾ ಅಂದರೆ ಅದನ್ನು ಬೆಚ್ಚಗಿಡುವುದು ಊರಿನ ಬಾವಿ. ಊರಿಗೆ ಹೆಸರು ಕೊಟ್ಟ ಆ ಬುಗ್ಗೆ ಪಾರ್ಕಿನಲ್ಲಿದೆ. ವೇಲ್ಸ್‌ನಲ್ಲಿ ಇರುವ ಒಂದೇ ಉಷ್ಣ ಬುಗ್ಗೆ ಅದು. ಕುದಿಯುವ ನೀರು ಅಂದುಕೊಂಡು ಟವೆಲ್ ಹಿಡಿದು ಬರಬೇಡಿ, 21 ಡಿಗ್ರಿ ಆಸುಪಾಸು ಅಷ್ಟೇ. ಹಿಂದೆ ಸಂಧಿವಾತದವರು ದೂರದಿಂದ ಬಂದು ಮುಳುಗಿ ಹೋಗುತ್ತಿದ್ದರಂತೆ. ಈಗ ಆ ಶಾಖವನ್ನು ಹೀಟ್ ಪಂಪ್‌ನಿಂದ ಸ್ಕೂಲಿಗೆ ಕೊಟ್ಟಿದ್ದಾರೆ.

ವೆಲ್ಷ್ ಬಗ್ಗೆ ಭಯ ಬೇಡ. ಇಂಗ್ಲಿಷ್ ಮೀಡಿಯಂ ಹಾಕಿದರೂ 16 ವರ್ಷದವರೆಗೆ ವೆಲ್ಷ್ ಒಂದು ಪಾಠವಾಗಿ ಇದ್ದೇ ಇರುತ್ತದೆ. ವೆಲ್ಷ್ ಮೀಡಿಯಂ ಮಕ್ಕಳಲ್ಲಿ ಸುಮಾರು ಜನರ ಮನೆಯಲ್ಲಿ ಇಂಗ್ಲಿಷೇ ಮಾತಾಡೋದು, ಆದ್ದರಿಂದ ಅಪ್ಪ ಅಮ್ಮನಿಗೆ ಬರಲ್ಲ ಅನ್ನೋದು ಟೀಚರ್‌ಗಳಿಗೆ ಹೊಸದಲ್ಲ. ನಮ್ಮ ಮಗ ನದಿಯಾಚೆ ವೆಲ್ಷ್ ತರಗತಿಗೆ ಹೋಗುತ್ತಾನೆ. ಅಜ್ಜಿ ಹತ್ತಿರ ಫೋನಿನಲ್ಲಿ ಕನ್ನಡ, ಗೆಳೆಯರ ಹತ್ತಿರ ಉಳಿದೆರಡು. ನಮಗಿಂತ ಅವನಿಗೇ ಸಲೀಸು.

ಉತ್ತರ (ಪಾಂಟಿಪ್ರೀದ್‌ನ ಹಿರಿಯರೊಬ್ಬರು)

ತಂಗೀ, ಮನೆ ತಗೊಳ್ಳುವಾಗ ಯಾರೂ ಕೇಳದ ವಿಷಯ, ಆದರೂ ಹೇಳುತ್ತೇನೆ. ಅಪಶಕುನ ಅಂದುಕೊಳ್ಳಬೇಡ. ವಯಸ್ಸಾದ ಅತ್ತೆ ಮಾವ ಇಲ್ಲಿಗೇ ಬಂದು ಇರುತ್ತಾರೆ ಅಂದರೆ ಅಂತ್ಯಕ್ರಿಯೆ ಹೇಗೆ ಅನ್ನೋ ಯೋಚನೆ ಬಂದೇ ಬರುತ್ತದೆ. ಈ ದೇಶದಲ್ಲಿ ಹೆಣ ಸುಡುವುದಕ್ಕೆ ದಾರಿ ತೆರೆದಿದ್ದೇ ಈ ಭಾಗದವನು. ಲಾಂಟ್ರಿಸಂಟ್‌ನ ಡಾ. ವಿಲಿಯಂ ಪ್ರೈಸ್, ನರಿ ಚರ್ಮದ ಟೊಪ್ಪಿ ಹಾಕಿಕೊಂಡು ಓಡಾಡುತ್ತಿದ್ದ ವಿಚಿತ್ರ ಮನುಷ್ಯ. 1884ರಲ್ಲಿ ತೀರಿಹೋದ ತನ್ನ ಕೂಸನ್ನು ಗುಡ್ಡದ ಮೇಲೆ ಸುಡಲು ಹೋದ. ಜನ ರೇಗಿದರು, ಪೊಲೀಸರು ಹಿಡಿದರು. ಕಾರ್ಡಿಫ್‌ನಲ್ಲಿ ಕೇಸು ನಡೆಯಿತು. ಬೇರೆಯವರಿಗೆ ತೊಂದರೆ ಆಗದಂತೆ ಸುಟ್ಟರೆ ಅಪರಾಧ ಅಲ್ಲ ಅಂತ ಜಡ್ಜ್ ಹೇಳಿದರು. 1902ರಲ್ಲಿ ಕಾನೂನೇ ಬಂತು. ವೇಲ್ಸ್‌ನ ಮೊದಲ ಕ್ರಿಮಟೋರಿಯಂ 1924ರಲ್ಲಿ ತೆರೆದದ್ದು ನಮ್ಮ ಪಾಂಟಿಪ್ರೀದ್‌ನ ಗ್ಲಿನ್‌ಟಾಫ್‌ನಲ್ಲಿ. ಅಸ್ಥಿ ಬಿಡುವುದಕ್ಕೂ 2021ರಿಂದ ಲ್ಯಾಂಡಫ್‌ನಲ್ಲಿ ಟ್ಯಾಫ್ ದಡದಲ್ಲೇ ಹಿಂದೂ, ಸಿಖ್ಖರಿಗೆ ಜಾಗ ಆಗಿದೆ.

ಇನ್ನು ಒಂಟಿತನ. ಟ್ಯಾಫ್ಸ್ ವೆಲ್‌ನಲ್ಲಿ ನಮ್ಮವರು ಕಡಿಮೆ, ಅದು ನಿಜ. ದೇವಸ್ಥಾನ, ಹಬ್ಬ, ಇಂಡಿಯನ್ ಅಂಗಡಿ ಎಲ್ಲಾ ಕಾರ್ಡಿಫ್‌ನಲ್ಲೇ. ಕರಿಬೇವು, ತೆಂಗಿನಕಾಯಿ ವಾರಕ್ಕೊಮ್ಮೆ ತಂದಿಟ್ಟುಕೊಳ್ಳಬೇಕು. ಆದರೆ ರೈಲಿದೆಯಲ್ಲ. ಮಳೆ ಮಾತ್ರ ಕಾರ್ಡಿಫ್‌ಗಿಂತ ಇಲ್ಲಿ ಜಾಸ್ತಿ, ಗುಡ್ಡದ ಬುಡ ನೋಡು. ಬಟ್ಟೆ ಒಣಗಿಸಲು ಮನೆಯೊಳಗೆ ಜಾಗ ಇದೆಯಾ ಅಂತ ನೋಡಿಕೋ.

ಉತ್ತರ (ಟಾಂಗ್ವಿನ್‌ಲೈಸ್‌ನಿಂದ)

ಒಂದೇ ಸೇರಿಸುತ್ತೇನೆ ಮೇಡಂ. ಭಾನುವಾರ ಮಧ್ಯಾಹ್ನ ಮನೆ ನೋಡಲು ಬರಬೇಡಿ, ಆಗ ಎಲ್ಲಾ ಊರೂ ಚೆನ್ನಾಗಿರುತ್ತದೆ. ವಾರದ ದಿನ ಸಂಜೆ ಐದರ ರೈಲಿಗೆ ಬನ್ನಿ, ಮಳೆ ಇದ್ದರೆ ಇನ್ನೂ ಒಳ್ಳೆಯದು. ಸ್ಟೇಷನ್‌ನಿಂದ ಆ ಮನೆಗೆ ನಡೆದೇ ಹೋಗಿ. ಅವತ್ತೇ ಯಜಮಾನರು ಆಸ್ಪತ್ರೆಯಿಂದ ಕಾರಲ್ಲಿ ಬರಲಿ. ಮನೆಗೆ ಯಾರು ಮೊದಲು ತಲುಪಿದರು ಅಂತ ಇಲ್ಲಿ ಬಂದು ಹೇಳಿ.