ವಾಟರ್ ಮೇಜ್: ಆರೋಗ್ಯವಾಗಿರೋ ಇಲಿಗಳೂ ಜಾಗ ಕಲಿಯುತ್ತಿಲ್ಲ, ಯಾಕೆ?

ಕಾರವಾರ_ಕಡಲು:
ರಜೆಗೆ ಕಾರವಾರಕ್ಕೆ ಬಂದರೂ ಲ್ಯಾಬ್ ವಿಡಿಯೋ ನೋಡ್ತಾ ಕೂತಿದ್ದೇನೆ, ಅಮ್ಮನ ಬೈಗುಳ ಬೇರೆ. ನಮ್ಮದು 5ಎಕ್ಸ್‌ಎಫ್‌ಎಡಿ ಇಲಿಗಳು, ಅಂದ್ರೆ ಮರೆವಿನ ಕಾಯಿಲೆ ಅಲ್‌ಜೈಮರ್ಸ್‌ನ ಜೀನ್ ಸೇರಿಸಿದ ಮಾದರಿ. ಅರ್ಧಕ್ಕೆ ಒಂದೆಲಗದ ಸಾರ, ಅರ್ಧಕ್ಕೆ ಬರೀ ನೀರು. ಮೋರಿಸ್ ವಾಟರ್ ಮೇಜ್‌ನಲ್ಲಿ (ನೀರಿನ ದುಂಡು ತೊಟ್ಟಿಯಲ್ಲಿ ಮುಳುಗಿಸಿಟ್ಟ ಪ್ಲಾಟ್‌ಫಾರ್ಮ್ ಎಲ್ಲಿದೆ ಅಂತ ಇಲಿ ಈಜಿ ಕಲಿಯೋ ಪರೀಕ್ಷೆ) ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಅದು ಹೋಗಲಿ, ಕಾಯಿಲೆಯ ಜೀನ್ ಇಲ್ಲದ ಒಡಹುಟ್ಟಿದ ಇಲಿಗಳಲ್ಲೂ ಕೆಲವು ಮುಳುಗಿರೋ ಪ್ಲಾಟ್‌ಫಾರ್ಮ್ ಹುಡುಕಲ್ಲ. ಅಂಚು ಹಿಡಿದು ಸುತ್ತುತ್ತಲೇ ಇರುತ್ತವೆ. ಉಳಿದವು ಸೀದಾ ಹೋಗಿ ಹತ್ತಿ ಕೂರುತ್ತವೆ. ಸಾರ ಕೆಲಸ ಮಾಡಲಿಲ್ಲ ಅಂತ ಬರೆದುಬಿಡಲಾ?

ಅಂಕೋಲೆ_ಉಪ್ಪು:
ನೀರು ಬೆಚ್ಚಗಿದೆಯಾ? ಬೆಚ್ಚಗಿದ್ದರೆ ಅವಕ್ಕೆ ಹೊರಗೆ ಬರೋ ಅವಸರವೇ ಇರಲ್ಲ.

ಕಾರವಾರ_ಕಡಲು:
22 ಡಿಗ್ರಿ. ಸುಮ್ನೆ ತೇಲುತ್ತಿಲ್ಲ, ಈಜೋ ವೇಗವೂ ಸರಿಯಾಗಿದೆ.

ಶಿರಸಿ_ಭಟ್ಟ:
ಹಾಗಾದ್ರೆ ಮೊದಲು ಕಣ್ಣು ನೋಡು ತಂಗಿ, ಮಿದುಳು ಆಮೇಲೆ. 1981ರಲ್ಲಿ ರಿಚರ್ಡ್ ಮೋರಿಸ್ ವಿವರಿಸಿದ ಈ ಪರೀಕ್ಷೆ ನಿಂತಿರೋದೇ ಸುತ್ತಲಿನ ಗುರುತು ನೋಡಿ ಜಾಗ ನೆನಪಿಡೋದರ ಮೇಲೆ. ಗುರುತೇ ಕಾಣದಿದ್ದರೆ ಮರೆವು ಎಲ್ಲಿಂದ ಬಂತು?

5ಎಕ್ಸ್‌ಎಫ್‌ಎಡಿಯ ಮೂಲ ತಳಿಯಲ್ಲಿ ಎಸ್‌ಜೆಎಲ್ ಅನ್ನೋ ಬಿಳಿ ಇಲಿ ತಳಿಯ ರಕ್ತ ಸೇರಿದೆ. ಎಸ್‌ಜೆಎಲ್‌ನಲ್ಲಿ ಆರ್‌ಡಿ1 ಅನ್ನೋ ಜೀನ್ ದೋಷ ಇದೆ. ಅಪ್ಪ ಅಮ್ಮ ಇಬ್ಬರಿಂದಲೂ ಅದು ಬಂದರೆ, ಮರಿ ಒಂದು ತಿಂಗಳಾಗೋ ಹೊತ್ತಿಗೆ ರೆಟಿನಾದ (ಕಣ್ಣಿನ ಒಳಪದರದ) ಬೆಳಕು ಹಿಡಿಯೋ ಕೋಶಗಳು ಹೆಚ್ಚುಕಡಿಮೆ ಸತ್ತೇ ಹೋಗಿರುತ್ತವೆ. ಅಲ್‌ಜೈಮರ್ಸ್ ಜೀನ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದಕ್ಕೇ ನಿನ್ನ ಆರೋಗ್ಯದ ಇಲಿಗಳೂ ಎಡವುತ್ತಿರಬಹುದು.

ಪ್ಲಾಟ್‌ಫಾರ್ಮ್ ಮೇಲೆ ಪುಟ್ಟ ಬಾವುಟ ಸಿಕ್ಕಿಸಿ, ನೀರಿನಿಂದ ಮೇಲೆ ಕಾಣೋ ಹಾಗೆ ಇಟ್ಟು ಇಲಿಗಳನ್ನ ಬಿಡು. ಅದನ್ನೂ ಹುಡುಕದಿದ್ದರೆ ನೆನಪಿನ ಮಾತೇ ಬೇಡ.

ಕಾರವಾರ_ಕಡಲು:
ಅಯ್ಯೋ, ಬಾವುಟದ ಸುತ್ತು ಶೆಡ್ಯೂಲ್‌ನಲ್ಲೇ ಇಲ್ಲ ಅಣ್ಣ! ಬಿಳಿ ಇಲಿಗಳನ್ನ ಮಾತ್ರ ತೆಗೆದರೆ ಸಾಕಾ? ಆದ್ರೆ ಕಪ್ಪು ಇಲಿಗಳಲ್ಲೂ ಹೀಗೆ ಸುತ್ತೋವು ಇವೆ.

ಶಿರಸಿ_ಭಟ್ಟ:
ಬಣ್ಣ ನೋಡಿ ಹೇಳೋಕಾಗಲ್ಲ. ಬಿಳಿ ಬಣ್ಣದ ಜೀನೇ ಬೇರೆ ಕ್ರೋಮೋಸೋಮ್‌ನಲ್ಲಿದೆ. ಬಿಳಿ ಇಲಿಗಳಿಗೆ ದೃಷ್ಟಿ ಮಂದ ಅನ್ನೋದು ನಿಜ, ಅದು ಬೇರೆ ವಿಷಯ. ಪಿಸಿಆರ್ ಅನ್ನೋ ಡಿಎನ್‌ಎ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಬಾಲದ ಡಿಎನ್‌ಎ ಇಟ್ಟಿದ್ದೀಯಾ?

ಕಾರವಾರ_ಕಡಲು:
ಫ್ರೀಜರ್‌ನಲ್ಲಿದೆ! ವಾಪಸ್ ಹೋದ ತಕ್ಷಣ ಹಾಕ್ತೇನೆ.

ಶಿರಸಿ_ಭಟ್ಟ:
ಒಳ್ಳೇದಾಯ್ತು. ಯಾವುದಕ್ಕೆ ಸಾರ, ಯಾವುದಕ್ಕೆ ನೀರು ಅನ್ನೋ ಪಟ್ಟಿ ತೆರೆಯೋ ಮೊದಲೇ ಕುರುಡು ಇಲಿಗಳನ್ನ ಎಲ್ಲ ಗುಂಪಿನಿಂದಲೂ ತೆಗಿ. ತೆಗೆದದ್ದು ಎಷ್ಟು, ಯಾಕೆ ಅಂತ ಬರೆದಿಡು. ಗುಂಪು ತೀರಾ ಸಣ್ಣದಾದರೆ ಪರೀಕ್ಷೆ ಮತ್ತೆ ಮಾಡಬೇಕು, ಬೇರೆ ದಾರಿಯಿಲ್ಲ. ಆಗ ಸಿ57ಬಿಎಲ್/6ಜೆ ತಳಿಗೆ ಬೆರೆಸಿದ 5ಎಕ್ಸ್‌ಎಫ್‌ಎಡಿ ಕೇಳು, ಅದರಲ್ಲಿ ಈ ಕಾಟ ಇರಲ್ಲ. ನಮ್ಮಲ್ಲಿ ಒಂದೆಲಗದ ತಂಬುಳಿ ದಿನಾ ಉಣ್ಣೋರಿದ್ದಾರೆ, ಫಲಿತಾಂಶ ಏನಾಯ್ತು ಅಂತ ಇಲ್ಲೇ ಹಾಕು ಮಾರಾಯ್ತಿ.