ಚಳಿಗಾಲದ ಗಾಡಿ: ಇವತ್ತು ರಾತ್ರಿ ಉಸ್ತಾದರಿಗೆ ಕೇಳಿ

ಅಡ್ಮಿನ್: ಮಂಜು ಶುರುವಾಗಿದೆ. ನಿನ್ನೆ ಹುಮನಾಬಾದ್ ದಾರಿಯಲ್ಲಿ ಬೆಳಿಗ್ಗೆ 7 ಗಂಟೆಗೂ ಮುಂದಿನ ಗಾಡಿ ಕಾಣುತ್ತಿರಲಿಲ್ಲ. ಕಲಬುರಗಿಯಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಉಸ್ತಾದ್ ಊಟ ಮುಗಿಸಿ ಕೂತಿದ್ದಾರೆ. ಗಾಡಿ ಬಗ್ಗೆ ಮಾತ್ರ ಕೇಳಿ. ಗುಡ್ ನೈಟ್ ಫೋಟೋ ಬೇಡ.

ಶಹಾಪುರ ಮೇಷ್ಟ್ರು: ನಮಸ್ಕಾರ ಉಸ್ತಾದ್. ಬೆಳಿಗ್ಗೆ ಕೀ ತಿರುಗಿಸಿದರೆ ಕಟ್ ಕಟ್ ಅನ್ನುತ್ತದೆ, ಅಷ್ಟೇ. ಮಧ್ಯಾಹ್ನ ಒಂದೇ ಸಲಕ್ಕೆ ಸ್ಟಾರ್ಟ್. ಬ್ಯಾಟರಿಗೆ ಚಳಿ ಹತ್ತಿದೆಯಾ?

ಉಸ್ತಾದ್: ನಮಸ್ಕಾರ ಮೇಷ್ಟ್ರೇ. ಬ್ಯಾಟರಿ ಹಾಳಾಗಿದ್ದು ಮೇ ತಿಂಗಳಲ್ಲಿ, ಗೊತ್ತಾಗಿದ್ದು ಈಗ. ನಮ್ಮ 43-44 ಡಿಗ್ರಿ ಬಿಸಿಲಿಗೆ ಒಳಗಿನ ಪ್ಲೇಟು ಸವೆದು ಹೋಗುತ್ತವೆ. ಚಳಿಗೆ ಆಯಿಲ್ ದಪ್ಪ ಆಗುತ್ತದೆ, ಇಂಜಿನ್ ತಿರುಗಿಸೋಕೆ ಜಾಸ್ತಿ ಶಕ್ತಿ ಬೇಕು, ಆ ಶಕ್ತಿ ಬ್ಯಾಟರಿಯಲ್ಲಿ ಉಳಿದಿರೋದಿಲ್ಲ. ರಾತ್ರಿ ಪೂರ್ತಿ ನಿಂತ ಗಾಡಿಗೆ ಬೆಳಿಗ್ಗೆ ಮೀಟರ್ ಹಿಡಿಸಿ. 12.6 ವೋಲ್ಟ್ ಇದ್ದರೆ ತುಂಬಿದೆ ಅಂತ. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ, ಆಮೇಲೆ ಲೋಡ್ ಟೆಸ್ಟ್, ಅಂದರೆ ಭಾರ ಕೊಟ್ಟಾಗ ಬ್ಯಾಟರಿ ತಾಳುತ್ತದಾ ಅಂತ ನೋಡೋ ಪರೀಕ್ಷೆ, ಮಾಡಿಸಿ. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದರೆ ಮೊದಲು ಅದನ್ನು ತೆಗೆಸಿ. ಕೆಲವು ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ, ಹೊಸ ಬ್ಯಾಟರಿ ದುಡ್ಡು ಉಳಿಯುತ್ತದೆ.

ಸೇಡಂ ರೋಡ್: ಎಲ್ಲರಿಗೂ ಉಪಯೋಗ ಆಗಲಿ ಅಂತ ಫಾರ್ವರ್ಡ್ ಮಾಡ್ತಿದ್ದೇನೆ 🙏 ಗ್ಲಾಸಿಗೆ ಅರ್ಧ ಆಲೂಗಡ್ಡೆ ಉಜ್ಜಿದರೆ ಮಂಜು ಹಿಡಿಯಲ್ಲ. ಟೈರ್ ಗಾಳಿ 5 ಪಾಯಿಂಟ್ ಇಳಿಸಿದರೆ ಗ್ರಿಪ್ ಬರುತ್ತದೆ. ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಿ.

ಉಸ್ತಾದ್: ಆಲೂಗಡ್ಡೆ ಪಲ್ಯಕ್ಕೆ ಇಡಿ. ಒಳಗಡೆ ಮಂಜು ಹಿಡಿದರೆ ಎಸಿ ಹಾಕಿ, ಬಿಸಿ ಗಾಳಿ ಮುಂದಿನ ಗ್ಲಾಸಿಗೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರೋ ಬಟನ್ ಒತ್ತಿ. ಒಂದೆರಡು ನಿಮಿಷದಲ್ಲಿ ಗ್ಲಾಸ್ ಸಾಫ್. ಗಾಳಿ ಇಳಿಸಬೇಡಿ, ಚಳಿಗೆ ಅದೇ ಇಳಿಯುತ್ತದೆ. ಐದಾರು ಡಿಗ್ರಿ ಚಳಿ ಜಾಸ್ತಿ ಆದರೆ ಹೆಚ್ಚುಕಡಿಮೆ ಒಂದು ಪಾಯಿಂಟ್. ಡ್ರೈವರ್ ಬಾಗಿಲ ಹತ್ತಿರ ಅಂಟಿಸಿರೋ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು, ಟೈರ್ ತಣ್ಣಗಿದ್ದಾಗ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಿದರೆ ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವನಿಗೆ ಗೊತ್ತಾಗಲ್ಲ. ಅದು ನಿಂತ ಗಾಡಿಗೆ.

ಬೀದರ್ ಅಕ್ಕ: ಅಣ್ಣ, ಸಂಜೆ ಭಾಲ್ಕಿ ಕಡೆಯಿಂದ ಬರುವಾಗ ಒಂದು ಊರಿನ ಹತ್ತಿರ ರಸ್ತೆ ತುಂಬ ತೊಗರಿ ಹಾಸಿದ್ದರು. ಅದರ ಮೇಲೇ ಬಂದೆವು. ಆಗಿನಿಂದ ಕೆಳಗೆ ಕರಕರ ಸದ್ದು, ಈಗ ಸುಟ್ಟ ವಾಸನೆ. ಬಿಎಸ್ 6 (ಹೊಸ ಹೊಗೆ ನಿಯಮದ) ಪೆಟ್ರೋಲ್ ಗಾಡಿ. ನಮ್ಮವರು ಬೆಳಿಗ್ಗೆ ನೋಡೋಣ ಅಂತಿದ್ದಾರೆ.

ಉಸ್ತಾದ್: ಗಾಡಿ ಎಲ್ಲಿದೆ? ಬಂದು ಎಷ್ಟು ಹೊತ್ತಾಯಿತು?

ಬೀದರ್ ಅಕ್ಕ: ಪೋರ್ಚ್‌ನಲ್ಲಿ. ಹತ್ತು ನಿಮಿಷ. ಇಬ್ಬನಿ ಬೀಳುತ್ತದೆ ಅಂತ ಕವರ್ ಹಾಕಿದ್ದೇವೆ. ಪಕ್ಕದಲ್ಲಿ ಸ್ಕೂಟಿ ಇದೆ.

ಉಸ್ತಾದ್: ಅಕ್ಕ, ಬೆಳಿಗ್ಗೆ ತನಕ ಕಾಯಬೇಡಿ. ಈಗಲೇ ಕವರ್ ತೆಗೆಯಿರಿ, ಸ್ಕೂಟಿ ದೂರ ಇಡಿ. ಸ್ಟಾರ್ಟ್ ಮಾಡದೆ, ನ್ಯೂಟ್ರಲ್ ಹಾಕಿ ಇಬ್ಬರು ತಳ್ಳಿ ಗಾಡಿಯನ್ನು ಬಯಲಿಗೆ ತನ್ನಿ. ತೊಗರಿ ಕಟ್ಟಿಗೆ ಅಂದರೆ ಹುಲ್ಲಲ್ಲ, ನಮ್ಮ ಕಡೆ ಒಲೆಗೆ ಹಾಕೋದೇ ಅದನ್ನ. ಅದು ಸೈಲೆನ್ಸರ್ ಪೈಪಿಗೂ ಶೀಟಿಗೂ ನಡುವೆ ಸಿಕ್ಕಿಕೊಂಡಿರುತ್ತದೆ, ಇಲ್ಲ ಚಕ್ರದ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿರುತ್ತದೆ. ಹೊಗೆ ಶುದ್ಧ ಮಾಡೋ ಡಬ್ಬಿ ಇದೆಯಲ್ಲ, ಕ್ಯಾಟಲಿಟಿಕ್ ಕನ್ವರ್ಟರ್, ಅದು ಒಣ ಕಡ್ಡಿ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಓಡುವಾಗ ಗಾಳಿ ಬಡಿದು ಸ್ವಲ್ಪ ತಣ್ಣಗಿರುತ್ತದೆ, ನಿಂತ ಮೇಲೆ ಆ ಕಾವು ಅಲ್ಲೇ ನಿಲ್ಲುತ್ತದೆ. ಅದಕ್ಕೇ ಓಡುವಾಗ ಏನೂ ಆಗದ ಗಾಡಿ ಮನೆ ಮುಂದೆ ನಿಂತ ಮೇಲೆ ಹೊತ್ತಿಕೊಳ್ಳುತ್ತದೆ. ಹೋದ ವರ್ಷ ನನ್ನ ಹತ್ತಿರ ಅಂಥದ್ದೇ ಒಂದು ಗಾಡಿ ಟೋ ಆಗಿ ಬಂತು, ಕೆಳಗಿನ ವೈರಿಂಗ್ ಎಲ್ಲ ಕರಗಿ ಬೆಲ್ಲದ ಪಾಕದ ಹಾಗೆ ಜೋತಾಡುತ್ತಿತ್ತು.

ಬರೀ ವಾಸನೆ ಇದ್ದರೆ ಗಂಟೆ ಹೊತ್ತು ತಣ್ಣಗಾಗಲು ಬಿಡಿ. ಬಿಸಿ ಡಬ್ಬಿ ಮೇಲೆ ನೀರು ಸುರಿಯಬೇಡಿ, ಒಳಗಿನದು ಬಿರಿಯುತ್ತದೆ. ಆದರೆ ಒಂದು ಬಕೆಟ್ ಹತ್ತಿರ ಇಟ್ಟುಕೊಳ್ಳಿ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿ, ಕಡ್ಡಿ ಕಂಡರೆ ಇಕ್ಕಳದಿಂದ ಎಳೆಯಿರಿ. ಜಾಕ್ ಎತ್ತಿ ಕೆಳಗೆ ನುಗ್ಗಬೇಡಿ. ಹೊಗೆ ಕಂಡರೆ ಇದು ಯಾವುದೂ ಬೇಡ. ಬಾನೆಟ್ ತೆರೆಯಬೇಡಿ, ದೂರ ಹೋಗಿ 112ಕ್ಕೆ ಫೋನ್ ಮಾಡಿ. ಏನಾಯಿತು ಅಂತ ಇಲ್ಲಿ ಬರೆಯಿರಿ, ನಾನು ಮಲಗಲ್ಲ.

ಹುಮನಾಬಾದ್ ಟ್ಯಾಕ್ಸಿ: ರಸ್ತೆ ಏನು ಇವರ ಅಪ್ಪನ ಕಣವಾ? ಅರ್ಧ ರಸ್ತೆಗೆ ತೊಗರಿ, ಅದರ ಸುತ್ತ ಕಲ್ಲು. ಮಂಜಿನಲ್ಲಿ ಆ ಕಲ್ಲು ಕಾಣುತ್ತದಾ?

ಆಳಂದ ತೊಗರಿ: ಅಪ್ಪನ ತನಕ ಹೋಗಬೇಡಿ ಟ್ಯಾಕ್ಸಿ ಸಾಹೇಬ್ರೆ. ರಾಶಿ ಯಂತ್ರದ ಬಾಡಿಗೆ ನೀವು ಕೊಡುತ್ತೀರಾ? ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಈ ನೆಲದ್ದೇ ಬೆಳೆ ಅನ್ನೋ ಗುರುತು) ಬಂತು ಅಂತ ಸ್ಟೇಟಸ್ ಹಾಕ್ತೀರಿ, ಒಣಗಿಸೋಕೆ ಜಾಗ ಕೇಳಿದರೆ ಮಾತಿಲ್ಲ.

ಹುಮನಾಬಾದ್ ಟ್ಯಾಕ್ಸಿ: ಕಬ್ಬಿನ ಟ್ರಾಲಿಯವರೂ ಹೀಗೇ. ಹಿಂದೆ ಒಂದು ಲೈಟಿಲ್ಲ, ಒಂದು ರೇಡಿಯಂ ಸ್ಟಿಕ್ಕರ್ ಇಲ್ಲ. ಮಂಜಿನಲ್ಲಿ ಗೋಡೆ ನಿಂತ ಹಾಗೆ ನಿಂತಿರುತ್ತದೆ.

ಆಳಂದ ತೊಗರಿ: ನಾನು ಕಬ್ಬು ಬೆಳೆಯಲ್ಲ. ಅದನ್ನು ಅವರಿಗೆ ಕೇಳಿ.

ಉಸ್ತಾದ್: ಇಬ್ಬರೂ ನಿಲ್ಲಿಸಿ. ಟ್ರಾಲಿಗೆ ಕೆಂಪು ರೇಡಿಯಂ ಟೇಪ್ ಅಂಟಿಸೋಕೆ ಒಂದು ಊಟದ ದುಡ್ಡೂ ಬೇಡ. ಟ್ಯಾಕ್ಸಿ ಭಾಯ್, ನಿಮಗೂ ಹೇಳುತ್ತೇನೆ, ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ. ಡಿಪ್ ಇಟ್ಟು, ಕಾಣುವಷ್ಟು ದೂರದಲ್ಲಿ ನಿಲ್ಲಿಸಲು ಆಗುವ ಸ್ಪೀಡಿನಲ್ಲಿ ಹೋಗಿ. 30 ಮೀಟರ್ ಕಂಡರೆ 60 ಸ್ಪೀಡ್ ಯಾಕೆ ಬೇಕು?

ಯಾದಗಿರಿ ಸ್ಟೇಷನ್: ಉಸ್ತಾದ್, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ, ಏನು ಮಾಡಲಿ?

ಉಸ್ತಾದ್: ಮೇಷ್ಟ್ರಿಗೆ ಹೇಳಿದ್ದು ಮೇಲಿದೆ. ಓದಿ.

ಜೇವರ್ಗಿ ಹುಡುಗ: ಉಸ್ತಾದ್, ಜನವರಿಯಲ್ಲಿ ನಾಲ್ಕು ಜನ ಮನಾಲಿಗೆ ಹೊರಟಿದ್ದೇವೆ, ಅಟಲ್ ಟನಲ್ ದಾಟಿ ಆ ಕಡೆನೂ. ಬಿಎಸ್ 6 ಡೀಸೆಲ್. ರೇಡಿಯೇಟರ್‌ಗೆ ಬರೀ ನಲ್ಲಿ ನೀರು, ಇಲ್ಲಿವರೆಗೆ ಏನೂ ಆಗಿಲ್ಲ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದರೆ ಗಟ್ಟಿ ಆಗಲ್ಲ ಅಂತ ಒಬ್ಬ ಟ್ರಕ್ ಕಾಕಾ ಹೇಳಿದರು. ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತೋ ಚೈನ್ ಇಲ್ಲಿಂದಲೇ ಒಯ್ಯಬೇಕಾ?

ಉಸ್ತಾದ್: ಇಲ್ಲಿ ಏನೂ ಆಗಿಲ್ಲ ಅಂದರೆ ಇಲ್ಲಿ ನೀರು ಹೆಪ್ಪುಗಟ್ಟಲ್ಲ, ಅದಕ್ಕೆ. ಹೆಪ್ಪುಗಟ್ಟಿದ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಇಂಜಿನ್ ಬ್ಲಾಕ್ ಬಿರುಕು ಬಿಡುತ್ತದೆ. ಆ ನೀರು ಪೂರ್ತಿ ಇಳಿಸಿ, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿಸಿ. ಮೈನಸ್ 35ರ ತನಕ ಚಿಂತೆ ಇಲ್ಲ. ವೈಪರ್ ನೀರಿಗೂ ಚಳಿಗೆ ಗಟ್ಟಿಯಾಗದ ದ್ರವ. ಸೀಮೆಎಣ್ಣೆ ಮುಟ್ಟಬೇಡಿ, ಕಾಕಾ ಓಡಿಸಿದ್ದು ಹಳೆ ಪಂಪಿನ ಟ್ರಕ್, ನಿಮ್ಮ ಇಂಜೆಕ್ಟರ್ ಹೋದರೆ ಟ್ರಿಪ್ ಖರ್ಚಿಗಿಂತ ಜಾಸ್ತಿ ಬಿಲ್. ಟ್ಯಾಂಕ್ ಖಾಲಿಯಾಗುತ್ತ ಬಂದಾಗ ಅಲ್ಲಿನ ಬಂಕಿನಲ್ಲೇ ತುಂಬಿಸಿ. ಲಡಾಖ್‌ಗೆ ಅಂತ ಮೈನಸ್ 33ರಲ್ಲೂ ಹರಿಯೋ ಡೀಸೆಲ್ 2019ರಿಂದ ಇದೆ, ಚಳಿ ಜಾಗಕ್ಕೆ ಎಣ್ಣೆಯೇ ಬೇರೆ. ಹಿಮದಲ್ಲಿ ಸಿಕ್ಕಿಕೊಂಡರೆ ಹೀಟರ್ ಹಾಕಿ ಗ್ಲಾಸ್ ಏರಿಸಿ ಮಲಗಬೇಡಿ. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿದರೆ ಹೊಗೆ ಒಳಗೇ ಬರುತ್ತದೆ, ವಾಸನೆ ಇಲ್ಲದ ವಿಷ ಅದು, ಎಬ್ಬಿಸಲು ಯಾರೂ ಇರಲ್ಲ.

ಸೇಡಂ ರೋಡ್: ಬೆಳಿಗ್ಗೆ ಗ್ಲಾಸಿಗೆ ಕುದಿಯೋ ನೀರು ಹಾಕಬಹುದು ಅಂತ ಈಗ ಒಂದು ವಿಡಿಯೋ ಬಂತು, ನೋಡಿ

ಉಸ್ತಾದ್: ಹಾಕಿ. ಗ್ಲಾಸ್ ಒಡೆದರೆ ವಿಡಿಯೋದವನ ಹತ್ತಿರ ಬಿಲ್ ವಸೂಲಿ ಮಾಡಿ. ನಿಮ್ಮ ಮೂರನೇ ಫಾರ್ವರ್ಡ್‌ಗೆ ನಾನು ಉತ್ತರ ಕೊಡಲ್ಲ.

ಸೇಡಂ ರೋಡ್: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಅಹಂಕಾರ ಬೇಡ ಉಸ್ತಾದ್.

ಬೀದರ್ ಅಕ್ಕ: ಅಣ್ಣ, ತೆಗೆದೆವು. ಒಂದು ಮೊರದಷ್ಟು ಕಡ್ಡಿ ಬಂತು. ಕೆಲವು ಕಡ್ಡಿ ತುದಿ ಕರ್ರಗೆ ಇದ್ದಿಲಾಗಿದೆ. ನಮ್ಮವರು ಮಾತಾಡುತ್ತಿಲ್ಲ.

ಉಸ್ತಾದ್: ಸದ್ಯ. ಇವತ್ತು ಕವರ್ ಹಾಕಬೇಡಿ, ಗಾಡಿ ಹೊರಗೇ ಇರಲಿ. ನಾಳೆ ಲಿಫ್ಟ್ ಮೇಲೆ ಎತ್ತಿಸಿ ಬ್ರೇಕ್ ಪೈಪು, ವೈರು ತೋರಿಸಿ, ಆಮೇಲೆ ಓಡಿಸಿ.

ಹುಮನಾಬಾದ್ ಟ್ಯಾಕ್ಸಿ: ನೋಡಿದಿರಾ ಆಳಂದ? ಒಂದು ಮೊರ!

ಆಳಂದ ತೊಗರಿ: ನೋಡಿದೆ. ಅಕ್ಕ ಬಚಾವಾದರು, ಒಳ್ಳೆಯದಾಯಿತು. ನಿಮ್ಮ ಜೊತೆ ಮಾತಿಲ್ಲ.

ಯಾದಗಿರಿ ಸ್ಟೇಷನ್: ಮೇಲೆ ಅಂದರೆ ಎಲ್ಲಿ? ಸಿಗುತ್ತಿಲ್ಲ

ಉಸ್ತಾದ್: ನಾನು ಮಲಗುತ್ತೇನೆ.

ಜೇವರ್ಗಿ ಹುಡುಗ: ಉಸ್ತಾದ್, ಚೈನ್ ಬಗ್ಗೆ ಹೇಳಲಿಲ್ಲ?