ಅಜ್ಜನ ದಫ್ತರದ ಕಾಗದಪತ್ರಗಳನ್ನು ಪತ್ರಾಗಾರಕ್ಕೆ ಕೊಡುವ ಮುನ್ನ: ಅನುಭವಸ್ಥರು ತಿಳಿಸಿ

ಪ್ರಶ್ನೆ, ಧಾರವಾಡದಿಂದ: 1950ರ ಕಾಯ್ದೆಯಿಂದ ವಂಶಪಾರಂಪರ್ಯವಾಗಿ ಬಂದ ವತನ ರದ್ದಾಗುವವರೆಗೂ ನಮ್ಮ ಅಜ್ಜ ಕುಲಕರ್ಣಿಕೆ, ಅಂದರೆ ಊರಿನ ಲೆಕ್ಕ ಬರೆಯುವ ಕೆಲಸ, ಮಾಡಿದ್ದರು. ಅವರ ಎರಡು ಟ್ರಂಕುಗಳಲ್ಲಿ ಮೋಡಿ ಲಿಪಿಯ (ಹಳೆಯ ಕೂಡುಬರಹದ) ಲೆಕ್ಕಪತ್ರ, ಮನೆಯ ಪತ್ರವ್ಯವಹಾರ, ದಿನಚರಿಗಳು ರುಮಾಲು (ಬಟ್ಟೆಯ ಗಂಟು) ಕಟ್ಟಿದಂತೆಯೇ ಇವೆ. ಪತ್ರಾಗಾರಕ್ಕೆ ಒಪ್ಪಿಸುವ ಮೊದಲು ನಾವೇ ವಿಂಗಡಿಸಬೇಕೇ?

ಬಳ್ಳಾರಿಯವರು: ನಾನು ವಿಂಗಡಿಸಿದೆ, ಅದರ ಸಂಕಟ ಇನ್ನೂ ಮುಗಿದಿಲ್ಲ. ಕುಲಕರ್ಣಿಯಂತೆಯೇ ಊರಲೆಕ್ಕ ಬರೆಯುವ ಕರಣಿಕರಾಗಿದ್ದ ಮುತ್ತಜ್ಜ 14 ರುಮಾಲು ಬಿಟ್ಟುಹೋಗಿದ್ದರು. ಇಸವಿವಾರು ಜೋಡಿಸಿದರೆ ಓದುವವರಿಗೆ ಅನುಕೂಲವೆಂದು ನಾಲ್ಕು ತಿಂಗಳ ಭಾನುವಾರಗಳನ್ನೆಲ್ಲ ಸವೆಸಿ ಒಂದೊಂದು ಗಂಟನ್ನೂ ಬಿಚ್ಚಿದೆ. ಕೆರೆಯ ತೂಬಿನ ವ್ಯಾಜ್ಯವೊಂದರ ಅರ್ಜಿ, ಕೈನಕ್ಷೆ, ಸಾಕ್ಷಿಗಳ ಹೇಳಿಕೆ, ವಕೀಲರ ರಸೀದಿ ಎಲ್ಲವೂ ಒಂದೇ ದಾರದಲ್ಲಿದ್ದವು. ಈಗ ಏಳು ಪೆಟ್ಟಿಗೆಗಳಲ್ಲಿ ಚದುರಿವೆ. ತಾರೀಖಿಲ್ಲದ ಆ ನಕ್ಷೆ ಯಾವ ಕೆರೆಯದೆಂದು ಹೇಳಲು ಇದ್ದ ಒಂದೇ ಆಧಾರ ಆ ದಾರ, ಅದನ್ನು ನಾನೇ ಕಸಕ್ಕೆ ಹಾಕಿದೆ. ಇಷ್ಟು ಸಾಲದೆಂಬಂತೆ ಕಾಗದಗಳ ಮೇಲಿದ್ದ ಫಸಲಿಗೆಲ್ಲ (ಕಂದಾಯ ವರ್ಷಕ್ಕೆಲ್ಲ) 590 ಕೂಡಿಸಿ ಇಸವಿ ಬರೆದೆ. 1953ರವರೆಗೆ ನಾವು ಮದ್ರಾಸಿಗೆ ಸೇರಿದ್ದವರು, ಅಲ್ಲಿಯ ಫಸಲಿ ಜುಲೈಗೆ ಆರಂಭ; ಜನವರಿಯಿಂದ ಜೂನ್‌ವರೆಗಿನ ಕಾಗದಗಳಿಗೆ 591 ಕೂಡಿಸಬೇಕಿತ್ತು. 212 ಕಾಗದಗಳ ಇಸವಿಯನ್ನು ಅಳಿಸಿ ಮತ್ತೆ ಬರೆದೆ. ಪೆನ್ಸಿಲ್ಲಿನಲ್ಲಿ ಬರೆದಿದ್ದೆನೆಂಬುದೊಂದೇ ಪುಣ್ಯ.

ಮೈಸೂರಿನವರು: ಗಂಟಿಗೆ ಪೂಜೆ ಮಾಡುತ್ತ ಕೂರಬೇಕಾಗಿಲ್ಲ. ತಾತನವರ ಪತ್ರಗಳನ್ನು ನಾನು ಇಸವಿವಾರೇ ಜೋಡಿಸಿದ್ದೇನೆ, ಕೇಳಿದ ಪತ್ರವನ್ನು ಐದು ನಿಮಿಷದಲ್ಲಿ ತೆಗೆದುಕೊಡುತ್ತೇನೆ. ಕಾಗದ ಹಾಳಾಗದಿರಲೆಂದು ಆಮ್ಲರಹಿತ ಫೋಲ್ಡರು 300, ತಲಾ 38 ರೂಪಾಯಿಯಂತೆ 11,400, ಪೆಟ್ಟಿಗೆ 24, ತಲಾ 460ರಂತೆ 11,040, ಸಾಗಣೆ 1,850. ಮೂರು ಪೆಟ್ಟಿಗೆಗಳು ಮೂಲೆ ಜಜ್ಜಿಹೋಗಿ ಬಂದವು, ಬದಲಿ ಕೊಡಲಿಲ್ಲ. 65 ಕ್ರಯಪತ್ರಗಳಿಗೆ ತಲಾ 40ರಂತೆ ಲ್ಯಾಮಿನೇಶನ್, 2,600. ಒಟ್ಟು 26,890, ಒಂದು ರೂಪಾಯಿಯೂ ವ್ಯರ್ಥವಾಗಿಲ್ಲ.

ಉಡುಪಿಯವರು: ಸ್ವಾಮಿ, 24,290 ರೂಪಾಯಿ ಕಾಗದವನ್ನು ಉಳಿಸಲು ಹೋಯಿತು, 2,600 ಅದನ್ನು ಕೊಲ್ಲಲು ಹೋಯಿತು. ಬಿಸಿ ಲ್ಯಾಮಿನೇಶನ್ ಒಮ್ಮೆ ಅಂಟಿತೆಂದರೆ ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸುವುದು ಅಸಾಧ್ಯವೆನ್ನಬೇಕು. ನಾನೇನು ಸಾಚಾ ಅಲ್ಲ: ತಂದೆಯವರ 40 ಪತ್ರಗಳ ಮಡಿಕೆಗಳಿಗೆ ಸೆಲ್ಲೋಟೇಪ್ ಹಚ್ಚಿದವನು ನಾನೇ. ಹತ್ತು ವರ್ಷಕ್ಕೆ ಟೇಪು ಉದುರಿತು. ಅಂಟು ಮಾತ್ರ ಕಂದು ಪಟ್ಟಿಯಾಗಿ ಅಕ್ಷರದೊಳಗೆ ಇಳಿದು ಕೂತಿದೆ. ತೆಗೆದುಕೊಡಲು ತಜ್ಞರೊಬ್ಬರು ಪತ್ರಕ್ಕೆ 350 ಕೇಳಿದರು, ಆರು ಪತ್ರಗಳಿಗೇ ನನ್ನ ಕೈ ಬರಿದಾಯಿತು.

ಮೈಸೂರಿನವರು: ಸೆಲ್ಲೋಟೇಪ್ ಹಚ್ಚಿದವರಿಂದ ಪಾಠ ಹೇಳಿಸಿಕೊಳ್ಳುವ ಕಾಲ ಬಂತು.

ಬಳ್ಳಾರಿಯವರು: ಪಾಠ ಬೇಡವಾದರೆ ಬಿಡಿ. ಬಿಚ್ಚುವ ಮುನ್ನ ಯಾವ ಕಾಗದದ ಜೊತೆ ಯಾವುದಿತ್ತೆಂದು ತಾವು ಬರೆದಿಟ್ಟುಕೊಂಡಿದ್ದೀರಾ? ಇಸವಿವಾರು ಪಟ್ಟಿಯನ್ನು ಕಾಗದ ಕದಲಿಸದೆಯೂ ಮಾಡಬಹುದಿತ್ತು.

ಮೈಸೂರಿನವರು: ಬರೆದಿಟ್ಟುಕೊಂಡಿಲ್ಲ. ಅವು ನಮ್ಮ ತಾತನ ಕಾಗದಗಳು, ನಿಮ್ಮ ಕೆರೆಯವಲ್ಲ. ಎರಡು ಕ್ರಯಪತ್ರಗಳ ಮುದ್ರೆಯ ಬಳಿ ಗುಳ್ಳೆ ಎದ್ದಿರುವುದು ನಿಜ. ಉಳಿದ 63 ಚೆನ್ನಾಗಿಯೇ ಇವೆ.